ಡಬ್ಬಾ ದೊಡ್ಡಮ್ಮನ ಎರಡು ಕೋಣೆ

ಎರಡನೇ ಮಹಡಿಯಲ್ಲಿ ನಮ್ಮ ಎದುರು ಬಾಗಿಲಿನ ಹೆಂಗಸನ್ನು ಕಟ್ಟಡದವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ಡಬ್ಬಾ ದೊಡ್ಡಮ್ಮ. ಅದು ಅವರಿಗೂ ಗೊತ್ತಿತ್ತು. ಎರಡು ಕೋಣೆಯ ಆ ಮನೆಯಲ್ಲಿ ಮೂವತ್ತೊಂದು ರೇಡಿಯೋ, ಒಂಬತ್ತು ಹಳೆಯ ಕಂಪ್ಯೂಟರ್ ಇದ್ದವು. ಮಂಚದ ಕಾಲು ಚಾಚುವ ಕಡೆ ಒಂದು ಪ್ರಿಂಟರ್ ಇದ್ದುದರಿಂದ ಅವರು ಸ್ವಲ್ಪ ಮುದುಡಿಕೊಂಡೇ ಮಲಗುತ್ತಿದ್ದರು.

ಅವರು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದವರು. ಗಾಜಿನ ಗೋಡೆಯ ಕಂಪ್ಯೂಟರ್ ಕೋಣೆಯಲ್ಲಿ ಧೂಳು ಒರೆಸುವುದು, ಗಂಟೆಗೊಮ್ಮೆ ಕೋಣೆಯ ಉಷ್ಣಾಂಶ ಬರೆದಿಡುವುದು ಅವರ ಕೆಲಸ. ಗುಮಾಸ್ತರು ಊಟಕ್ಕೆ ಹೋದಾಗ ಕೀಲಿಗಳ ಮೇಲೆ ಬೆರಳಾಡಿಸಿ ಅಷ್ಟಿಷ್ಟು ಕಲಿತರು. ಹೊಸ ಯಂತ್ರಗಳು ಬಂದು ಹಳೆಯವನ್ನು ಹಿತ್ತಲಿಗೆ ಎಸೆಯುವ ದಿನ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತರು.

"ಸಾರ್, ಅದು ಇನ್ನೂ ಓಡುತ್ತೆ."

"ಓಡಿದ್ರೇನಮ್ಮ, ಅದಕ್ಕೆ ಹೋಗೋಕೆ ಊರಿಲ್ಲ."

"ನಮ್ಮನೆಗೆ ಬರಲಿ ಬಿಡಿ."

ಹೀಗೆ ಮೊದಲನೆಯದು ಕೈಗಾಡಿಯಲ್ಲಿ ಬಂತು. ರೇಡಿಯೋಗಳು ಬಂದದ್ದು ಬೀದಿಯ ತಿರುವಿನ ರಿಪೇರಿಯವರಿಂದ. ಅವರು ಅಂಗಡಿ ಮುಚ್ಚುವಾಗ ಯಾರೂ ವಾಪಸು ಒಯ್ಯದ ಸೆಟ್ಟುಗಳನ್ನೂ ಬೆಸುಗೆ ಕಡ್ಡಿಯನ್ನೂ ದೊಡ್ಡಮ್ಮನ ಕೈಗಿಟ್ಟು, ಬೆಸುಗೆ ಹಾಕುವುದನ್ನೂ ಹೇಳಿಕೊಟ್ಟಿದ್ದರು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರವನ್ನು ದೊಡ್ಡಮ್ಮ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದವರಲ್ಲ. ಮುಚ್ಚಳ ಬಿಚ್ಚಿ, ಪೇಂಟಿನ ಬ್ರಷ್ಷಿನಿಂದ ಧೂಳು ತೆಗೆದು, ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿ, ಆಮೇಲೆ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಒಂದು ಬಲ್ಬು ಸೇರಿಸಿ ಕರೆಂಟು ಕೊಡುತ್ತಿದ್ದರು. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಏನೋ ಕೆಟ್ಟಿದೆಯೆಂದು ಲೆಕ್ಕ. ಪ್ರತಿಯೊಂದಕ್ಕೂ ಚೀಟಿ ಕಟ್ಟಿದ್ದರು: ಯಾರ ಮನೆಯದು, ಏನು ಕೆಟ್ಟಿತ್ತು, ಯಾವತ್ತು ಸರಿಹೋಯಿತು.

ಒಂದು ಮಧ್ಯಾಹ್ನ ಮೆಟ್ಟಿಲ ದೀಪಗಳು ಆರಿಹೋಗಿ ಕಟ್ಟಡದ ತುಂಬ ಸುಟ್ಟ ವಾಸನೆ ಬಂತು. ಎಲ್ಲರ ಕಣ್ಣೂ ಎರಡನೇ ಮಹಡಿಗೆ ಹೋಯಿತು. ಮೊದಲ ಮಹಡಿಯಲ್ಲಿ ವಾಸವಿದ್ದ ಔಷಧದಂಗಡಿಯವರೇ ಕಟ್ಟಡದ ಸಂಘದ ಕಾರ್ಯದರ್ಶಿ. ಅವರು ದೊಡ್ಡಮ್ಮನ ಯಂತ್ರಗಳಿಂದ ಕಟ್ಟಡಕ್ಕೆ ಅಪಾಯವೆಂದು ಅರ್ಜಿ ಬರೆದು ಮನೆಮನೆಗೆ ಬಂದರು. ಹನ್ನೆರಡು ಮನೆಯಲ್ಲಿ ಹನ್ನೊಂದು ಸಹಿ ಬಿತ್ತು. ಹನ್ನೊಂದನೆಯದು ನನ್ನದು. ಮರುದಿನ ದೊಡ್ಡಮ್ಮನ ಬಾಗಿಲಿಗೆ ನೋಟೀಸು ಅಂಟಿತು. ಮನೆಯಲ್ಲಿರುವ ಗುಜರಿಯನ್ನು ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು.

ಅವರು ನೋಟೀಸು ಓದಿ, ನೇರ ನನ್ನ ಬಾಗಿಲು ತಟ್ಟಿದರು.

"ನೀನೂ ಹಾಕಿದ್ದೀಯಲ್ಲ."

"ಎಲ್ಲರೂ ಹಾಕಿದ್ರು, ದೊಡ್ಡಮ್ಮ."

"ಎಲ್ಲರದ್ದು ಕೇಳಲಿಲ್ಲ. ನಿನ್ನದು ಕೇಳಿದೆ."

ಉತ್ತರಕ್ಕೆ ಕಾಯದೆ ತಮ್ಮ ಬಾಗಿಲಿಗೆ ತಿರುಗಿದರು.

ಕಾರ್ಯದರ್ಶಿ ಫೋನು ಮಾಡಿ ಹೇಳಿದ್ದರಿಂದ ದೊಡ್ಡಮ್ಮನ ಮಗಳು ಆ ಭಾನುವಾರ ಬಂದಳು. ಬಾಗಿಲು ತೆರೆದೇ ಇತ್ತು. ಮಾತು ನಮ್ಮನೆಗೂ ಕೇಳುತ್ತಿತ್ತು.

"ಅಮ್ಮಾ, ನಾಲ್ಕು ಜನ ನಗೋ ಹಾಗಾಯ್ತು. ಒಂದೆರಡು ಇಟ್ಕೊಂಡು ಮಿಕ್ಕಿದ್ದು ಕೊಟ್ಬಿಡು."

"ಆಗ್ಲಿ. ಯಾವೆರಡು? ನೀನೇ ಆರಿಸು."

ಮಗಳು ಕಪಾಟಿನ ಮುಂದೆ ನಿಂತಳು. ಒಂದು ರೇಡಿಯೋ ಎತ್ತಿ ಚೀಟಿ ಓದಿ ಇಟ್ಟಳು. ಇನ್ನೊಂದನ್ನೂ ಹಾಗೇ ಮಾಡಿದಳು. ಆಮೇಲೆ ಒಳಗೆ ಹೋಗಿ ಟೀಗೆ ನೀರಿಟ್ಟಳು. ಆ ವಿಷಯ ಅವಳು ಮತ್ತೆ ಎತ್ತಲಿಲ್ಲ.

ಸೋಮವಾರ ದೊಡ್ಡಮ್ಮ ವಿದ್ಯುತ್ ಕಚೇರಿಗೆ ಹೋಗಿ ತಾವೇ ತಪಾಸಣೆಗೆ ಅರ್ಜಿ ಕೊಟ್ಟು ಬಂದರು. ಅರ್ಜಿ ತಮ್ಮ ಮನೆಗಲ್ಲ, ಇಡೀ ಕಟ್ಟಡಕ್ಕೆ. ಕಾರ್ಯದರ್ಶಿಗೆ ಇರಿಸುಮುರಿಸಾಯಿತು.

"ನಿಮ್ಮ ಮನೆ ನೋಡಿದ್ರೆ ಸಾಕಾಗ್ತಿತ್ತಲ್ಲ, ದೊಡ್ಡಮ್ಮ?"

"ಕಟ್ಟಡಕ್ಕೆ ಅಪಾಯ ಅಂತ ಬರೆದಿದ್ದೀರಿ. ಕಟ್ಟಡ ನೋಡ್ಲಿ."

ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಮಾತು ಕಡಿಮೆಯ ಮನುಷ್ಯ. ದೊಡ್ಡಮ್ಮನ ಮನೆಯಲ್ಲಿ ಒಂದು ಗಂಟೆ ಕಳೆದರು. ಪ್ರತಿ ಕಪಾಟಿಗೂ ಬೇರೆ ಸ್ವಿಚ್ಚು, ವೈರುಗಳಿಗೆಲ್ಲ ಗುರುತು, ಅರ್ತಿಂಗ್ ಸರಿಯಾಗಿತ್ತು.

"ಯಾರು ಮಾಡಿದ್ದು ಇದನ್ನ?"

"ಜೋಡಿಸಿದ್ದು ನಾನು. ಅರ್ತಿಂಗಿಗೆ ಲೈಸೆನ್ಸ್ ಇರೋರನ್ನ ಕರೆಸಿದ್ದೆ. ಕಾಗದ ಇದೆ, ನೋಡಿ."

ಅವರು ಕಾಗದ ನೋಡಿ ಕೆಳಗಿಳಿದು, ಮೆಟ್ಟಿಲ ಅಡಿಯ ಮೀಟರ್ ಬೋರ್ಡು ತೆರೆಸಿದರು. ನಾವೆಲ್ಲ ಹಿಂದೆ ಗುಂಪುಗೂಡಿದ್ದೆವು. ವೈರಿನ ಮೇಲಿನ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಫ್ಯೂಸಿನಲ್ಲಿ ತೆಳು ತಂತಿ ಇರಬೇಕಾದಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದರು. ಕಾರ್ಯದರ್ಶಿಗಳ ಬಚ್ಚಲುಮನೆಯ ಹೀಟರು ಯಾವ ಕಾಲದಿಂದಲೋ ಮೆಟ್ಟಿಲ ದೀಪದ ಲೈನಿಗೇ ಸೇರಿಕೊಂಡಿತ್ತು. ಮನೆಯ ಹಿಂದಿನ ಮಾಲೀಕರು ಮಾಡಿದ್ದಿರಬೇಕು. ಪಾಪ, ಇವರಿಗೆ ಗೊತ್ತಿರಲಿಲ್ಲ. ಮುಖ ಬಿಳಿಚಿಕೊಂಡದ್ದು ನೋಡಿದರೇ ತಿಳಿಯುತ್ತಿತ್ತು.

ಇನ್‌ಸ್ಪೆಕ್ಟರು ನಿಂತ ನಿಲುವಿನಲ್ಲೇ ಇಡೀ ಕಟ್ಟಡದ ಕರೆಂಟು ಕಡಿದರು. ಹೊಸ ವೈರು ಎಳೆಯುವುದಕ್ಕೆ ನಾಲ್ಕು ದಿನ ಹಿಡಿಯಿತು.

ಗೆದ್ದವರ ಹತ್ತಿರ ಜನ ಬರುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ನೀರು ಮೇಲೇರದೆ, ಫ್ಯಾನು ತಿರುಗದೆ ಬೆವರುತ್ತಿದ್ದವರೆಲ್ಲ ದೊಡ್ಡಮ್ಮನಿಗೇ ಹಿಡಿಶಾಪ ಹಾಕಿದರು. ಮೊದಲು ನಗುತ್ತಿದ್ದವರು ಈಗ ಮಾತೇ ಬಿಟ್ಟರು. ನಾನು ಒಂದು ಕೊಡ ನೀರು ತಂದುಕೊಟ್ಟು, ಜನ ಮಾತು ಬಿಟ್ಟಿದ್ದಾರೆ ಎಂದೆ.

"ಕಟ್ಟಡ ಹೊತ್ತಿಕೊಂಡಿದ್ರೆ ಮಾತು ಬಿಡೋಕೆ ಯಾರಿರ್ತಿದ್ರು?" ಎಂದರು. ನನ್ನ ಸಹಿಯ ಮಾತು ತೆಗೆಯಲಿಲ್ಲ. ಮರೆತಿರಲಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಕೊಡವನ್ನು ಮಾತ್ರ ಒಳಗಿಟ್ಟುಕೊಂಡರು.

ಐದನೆಯ ದಿನ ಕರೆಂಟು ಬಂತು. ಕಾರ್ಯದರ್ಶಿ ಸದ್ದಿಲ್ಲದೆ ಮೇಲೆ ಬಂದು ನೋಟೀಸು ಕೀಳುತ್ತಿದ್ದರು. ದೊಡ್ಡಮ್ಮ ಬಾಗಿಲು ತೆಗೆದರು.

"ಅಂಟಿಸುವಾಗ ನಾಲ್ಕು ಜನಕ್ಕೆ ಕಾಣೋ ಹಾಗೆ ಅಂಟಿಸಿದ್ರಿ. ಹಿಂದಕ್ಕೆ ತಗೊಂಡದ್ದೂ ಕಾಣ್ಲಿ. ಕೆಳಗಡೆ ನೋಟೀಸ್ ಬೋರ್ಡಿನಲ್ಲಿ ಬರೆದು ಹಾಕಿ."

ಅವರು ಗೊಣಗುತ್ತಲೇ ಎರಡು ಸಾಲು ಬರೆದು ತಂದರು. ದೊಡ್ಡಮ್ಮ ಕನ್ನಡಕ ಏರಿಸಿ ಓದಿದರು.

"ಗುಜರಿ ಅಂದದ್ದು ತಪ್ಪು ಅಂತಾನೂ ಸೇರಿಸಿ."

"ಅದೊಂದು ಬಿಟ್ಬಿಡಿ, ದೊಡ್ಡಮ್ಮ."

"ಬಿಡಲ್ಲ."

ಸೇರಿಸಿದರು. ಆ ಕಾಗದ ಬೋರ್ಡಿನಲ್ಲಿ ಒಂದು ತಿಂಗಳಿತ್ತು.

ಅದೇ ತಿಂಗಳು ಒಂದು ಬೆಳಿಗ್ಗೆ ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿದ್ದದ್ದು ಮುಚ್ಚಿಹೋದ ಅಚ್ಚಿನ ಮನೆಯೊಂದರ ಕಂಪ್ಯೂಟರ್; ಬಟ್ಟೆ ಬೀರುವಿನ ಅರ್ಧದಷ್ಟಿತ್ತು. ಒಂದು ತುದಿ ಆಟೋದವನು ಹಿಡಿದ. ಇನ್ನೊಂದನ್ನು ನಾನು ಹಿಡಿದರೂ ಏಳಲಿಲ್ಲ. ಕಾರ್ಯದರ್ಶಿ ಚೀಲ ಹಿಡಿದು ಅಂಗಡಿಗೆ ಹೊರಟಿದ್ದರು.

"ನಿಂತು ನೋಡ್ತೀರೇನ್ರೀ? ಆ ಮೂಲೆ ಹಿಡ್ಕೊಳ್ಳಿ," ಎಂದರು ದೊಡ್ಡಮ್ಮ.

ಅವರು ಚೀಲವನ್ನು ಗೋಡೆಗೆ ಒರಗಿಸಿ ಬಂದು ಹಿಡಿದರು. ಮೊದಲ ಮಹಡಿ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

"ಇನ್ನೂ ಎಷ್ಟು ತರ್ತೀರಿ, ದೊಡ್ಡಮ್ಮ?"

"ಜಾಗ ಇರೋವರೆಗೂ. ಬೆರಳು ಜೋಪಾನ, ತಿರುವಿನಲ್ಲಿ ಗೋಡೆಗೆ ತಾಗುತ್ತೆ."