ಕೌಬಾಯ್ ಅತ್ತದ್ದು ಯಾಕೆ

ನಾನು ನಿನಗೆ ಸುಳ್ಳು ಹೇಳಿದೆ, ಮುನಿರಾಜು. ತನಗೆ ಇಂಗ್ಲಿಷ್ ಬರುವುದಿಲ್ಲವೆಂದು ನನ್ನನ್ನೇ ನಂಬಿಕೊಂಡಿದ್ದವನಿಗೆ, ಗೊತ್ತಿದ್ದೂ ಗೊತ್ತಿದ್ದೂ, ಸಿನಿಮಾದ ಕಥೆಯನ್ನೇ ಬದಲಾಯಿಸಿ ಹೇಳಿದೆ.

ಹೊಸಕೋಟೆಯ ಆ ರೂಮು ನೆನಪಿದೆಯಲ್ಲ? ಫ್ಯಾಕ್ಟರಿಗೆ ರಜಾ ಇದ್ದ ಭಾನುವಾರ ಮಧ್ಯಾಹ್ನ, ನಾವು ಐದು ಜನ, ನನ್ನ ಲ್ಯಾಪ್‌ಟಾಪು. ಕೌಬಾಯ್ ಸಿನಿಮಾ ಅಂದರೆ ನಮಗೆ ಪ್ರಾಣ. ನೀವು ನೋಡುವುದು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳುವುದು — ಅದೇ ಪದ್ಧತಿ. ಮಾರನೇ ದಿನ ಎಲ್ಲರೂ ಕಾಲು ಅಗಲಿಸಿಕೊಂಡು ಶಿಫ್ಟಿಗೆ ನಡೆಯುತ್ತಿದ್ದೆವು. ಗಂಡಸು ಅಂದರೆ ಹಾಗಿರಬೇಕು, ಮಾತು ಕಮ್ಮಿ, ಕಣ್ಣೀರಂತೂ ಇಲ್ಲವೇ ಇಲ್ಲ.

ಆ ವಾರದ ಸಿನಿಮಾದಲ್ಲಿ ಇಬ್ಬರು ದನ ಕಾಯುವವರು. ಕೊನೆಗೆ ಒಬ್ಬ ಇನ್ನೊಬ್ಬನ ಕೈ ಹಿಡಿದು ಅತ್ತುಬಿಟ್ಟ. ಅವನು ಹೇಳಿದ್ದು — ನಿನ್ನನ್ನೇ ಪ್ರೀತಿಸಿದೆ, ಹೆಂಡತಿಯ ಮುಂದೆ ನಾಟಕವಾಡುವುದು ಇನ್ನು ನನ್ನ ಕೈಲಾಗದು ಎಂದು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅವನ ಅಣ್ಣ ಸತ್ತನಂತೆ, ಸೇಡು ತೀರಿಸಿಕೊಳ್ಳೋಣ ಅಂತಿದ್ದಾನೆ ಎಂದುಬಿಟ್ಟೆ. ಶಿಳ್ಳೆ ಬಿತ್ತು. ನೀನೊಬ್ಬ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಬಸ್‌ಸ್ಟಾಪಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದೆ. ಮುಂದಿನ ಭಾನುವಾರ ಅನುಗೊಂಡನಹಳ್ಳಿಯಲ್ಲಿ ತಾಂಬೂಲ ಬದಲಾಯಿಸಿ, ಸುಧಾಳ ಜೊತೆ ನಿನ್ನ ಮದುವೆ ಗೊತ್ತು ಮಾಡುವವರಿದ್ದರು.

"ಗುರು, ನಿಜ ಹೇಳು. ಅವನು ಅತ್ತಿದ್ದು ಸೇಡಿಗಲ್ಲ ಅಲ್ವಾ? ಅಂಥೋರು ಇರ್ತಾರೆ ಅಂದ್ರೆ... ನಾನು ಮನೇಲಿ ಬೇಡ ಅಂತೀನಿ."

ಯಾಕೆ ಕೇಳುತ್ತಿದ್ದೀಯ ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದರೆ — ತಾಳು, ಅದನ್ನೂ ಹೇಳುತ್ತೇನೆ.

"ಹುಚ್ಚಾ, ಗಂಡಸರು ಹಂಗಿರಲ್ಲ ಕಣೋ. ಹೋಗಿ ಮದ್ವೆ ಆಗು," ಎಂದು ನಕ್ಕೆ. ನೀನೂ ನಕ್ಕೆ. ಥೂ, ನನ್ನ ಬಾಯಿಗೆ ಮಣ್ಣು ಬೀಳಬಾರದಿತ್ತೇ.

ನಿನ್ನ ಮದುವೆಯಲ್ಲಿ ನಾನೇ ಓಡಾಡಿ ಬಡಿಸಿದೆ. ಆರು ತಿಂಗಳಿಗೆ ನನಗೂ ಹೆಣ್ಣು ನೋಡಿದರು. ಆಗ ನಾನು — ಇದೇ ನನ್ನನ್ನು ಕೂತಲ್ಲಿ ಕೂರಲು ಬಿಡದ ಸಂಗತಿ — ಅದೇ ಸಿನಿಮಾವನ್ನು ಒಬ್ಬನೇ ಮತ್ತೆ ನೋಡಿದೆ. ಧೈರ್ಯ ಬಂತು. ಮದುವೆ ಬೇಡ ಎಂದೆ. ಅಪ್ಪ ಬೈದರು, ಅವ್ವ ಊಟ ಬಿಟ್ಟಳು, ಆದರೂ ಜಗ್ಗಲಿಲ್ಲ. ನಾನೂ ನಿನ್ನ ಹಾಗೆಯೇ, ಮುನಿರಾಜು. ನೀನು ಕೇಳಿದ್ದ ಮಾತನ್ನು ನಿನ್ನಿಂದ ಬಚ್ಚಿಟ್ಟು, ಅದರಿಂದ ನಾನೊಬ್ಬನೇ ಪಾರಾದೆ.

ಹೋದ ವಾರ ಸಂತೆಯಲ್ಲಿ ಸುಧಾ ಸಿಕ್ಕಿದ್ದಳು. ಚೆನ್ನಾಗಿದ್ದೀಯೇನಮ್ಮ ಎಂದೆ. ಟೊಮೆಟೊ ಆರಿಸುತ್ತಾ, ತಲೆ ಎತ್ತದೆ ಕೇಳಿದಳು: "ಅಣ್ಣಾ, ನನ್ನಲ್ಲಿ ಏನು ಕೊರತೆ ಐತೆ? ಏಳು ವರ್ಷ ಆಯ್ತು, ಅವರು ನನ್ನ ಮುಖ ನೋಡಿ ಮಾತಾಡಲ್ಲ."

ಅವನ ಸ್ವಭಾವವೇ ಹಾಗಮ್ಮ ಎಂದು ಹೇಳಿ ಬಂದುಬಿಟ್ಟೆ. ಮತ್ತೆ ಸುಳ್ಳು.

ನಿನ್ನ ಗುಟ್ಟನ್ನು ಅವಳಿಗೆ ಹೇಳುವ ಹಕ್ಕು ನನಗಿಲ್ಲ. ಇದನ್ನು ಓದಿ ನೀನು ನನ್ನ ಕಪಾಳಕ್ಕೆ ಹೊಡೆದರೂ ಸರಿ, ಇನ್ನೆಂದೂ ಮಾತಾಡಿಸದಿದ್ದರೂ ಸರಿ. ಆದರೆ ಅವಳಲ್ಲಿ ಯಾವ ಕೊರತೆಯೂ ಇಲ್ಲವೆಂದು ಅವಳಿಗೆ ಯಾರಾದರೂ ಹೇಳಬೇಕು. ಹೇಳಬೇಕಾದವನು ನೀನು. ಜೊತೆಗೆ ಬಾ ಎಂದರೆ ಬರುತ್ತೇನೆ. ಕೇಳಿದಾಗ ನಿಜ ಹೇಳದವನು ನಾನೇ ಎಂದು ಅವಳ ಮುಂದೆ ಒಪ್ಪಿಕೊಳ್ಳುತ್ತೇನೆ.