ದರ್ಜಿಯ ಸೀಸೆ

ಸಾವಿರದ ಒಂಬೈನೂರ ನಲವತ್ತರ ದಶಕದಲ್ಲಿ, ಶ್ರೀನಿವಾಸಪುರದಲ್ಲಿ ಮಾವು ಹಣ್ಣಾಗುವ ಹೊತ್ತಿಗೆ ಸರಿಯಾಗಿ ನನಗೆ ಸಕ್ಕರೆ ಕಾಯಿಲೆ ಬಂತು. ಕೋಲಾರದ ಡಾಕ್ಟರು ಇನ್ಸುಲಿನ್ ಸೂಜಿ ಶುರುಮಾಡಿ, ಮಾವು ಮುಟ್ಟಬೇಡಿ ಎಂದರು. ಆಗಾಗ ಮೂತ್ರವನ್ನು ನೀಲಿ ಔಷಧಿಯಲ್ಲಿ ಕುದಿಸಿ ನೋಡುತ್ತಿದ್ದರು. ಸಕ್ಕರೆಯಿದ್ದರೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು.

ನಾನು ಬುಟ್ಟಿಗಟ್ಟಲೆ ಮಾವು ತಿಂದೆ. ಪರೀಕ್ಷೆಯ ದಿನ ಪಕ್ಕದ ಮನೆಯ ಗೆಳೆಯ, ಕಡ್ಡಿಯಂಥ ದರ್ಜಿಯ ಮೂತ್ರವನ್ನು ಬೇಡಿ, ನನ್ನದೆಂದು ಸೀಸೆಯಲ್ಲಿ ಒಯ್ದೆ. ಔಷಧಿ ಇಟ್ಟಿಗೆಯಂತೆ ಕೆಂಪಾಯಿತು.

“ಮಾವು ತಿಂದ್ರಾ?” ಎಂದರು ಡಾಕ್ಟರು.

“ಇಲ್ಲ ಸ್ವಾಮಿ,” ಎಂದೆ.

ಆ ಸಕ್ಕರೆ ಗೆಳೆಯನದೆಂದು ಗೊತ್ತಿದ್ದೂ ಮಾನ ಹೋದೀತೆಂದು ಮೂರು ವಾರ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದಂತಾಯಿತು. ಆಗ ಅವನನ್ನು ಡಾಕ್ಟರ ಮುಂದೆ ಕೂರಿಸಿ ಎಲ್ಲವನ್ನೂ ಒಪ್ಪಿಕೊಂಡೆ.

ಗೆಳೆಯ ನನ್ನನ್ನೇ ನೋಡಿದ. “ಏನ್ಲಾ, ಉಚ್ಚೆ ಕೊಟ್ಟೋನಿಗೆ ಒಂದು ಹಣ್ಣಾದ್ರೂ ಕೊಟ್ಯಾ?”

ಅವನಿಗೂ ಇನ್ಸುಲಿನ್ ಶುರುವಾಯಿತು. ಕಣ್ಣು ತಿಳಿಯಾಗುವವರೆಗೆ ದಿನಾ ಬೆಳಿಗ್ಗೆ ಅವನ ಅಂಗಡಿಯಲ್ಲಿ ಕೂತು ಸೂಜಿಗಳಿಗೆ ದಾರ ಪೋಣಿಸಿಕೊಟ್ಟೆ. ಆ ವರ್ಷ ಮತ್ತೆ ಮಾವು ತಿನ್ನಲಿಲ್ಲ ಎಂದು ಬರೆಯುವ ಆಸೆಯಿತ್ತು. ಎರಡು ತಿಂದೆ.