ಹೊಲಿಗೆ ಸಡಿಲಿಸುವ ಟೈಲರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೀಡಾಂಗಣದ ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ ಇಳಿಜಾರು ಸೂರಿನ ಪುಟ್ಟ ಕೋಣೆ. ಹೊರಗೆ ಹಾಸ್ಟೆಲಿನ ಹುಡುಗಿಯರು ಓಡುತ್ತಿರುವ ಸದ್ದು. ಒಳಗೆ ಟೈಲರಮ್ಮ, ಅಳತೆ ಕೊಡಲು ಬಂದ ಹುಡುಗಿಯೊಬ್ಬಳ ಸೊಂಟಕ್ಕೆ ಟೇಪು ಸುತ್ತಿ, ತುಟಿ ಬಿಚ್ಚದೆ ಬಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಎಷ್ಟಾಯ್ತು ಎಂದು ಅವಳು ಕೇಳಿದರೆ, "ಹೊಲಿಯೋಳು ನಾನು, ನಿಂಗ್ಯಾಕೆ? ಹೋಗಿ ತಿಂಡಿ ತಿನ್ನು" ಎನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಅಳತೆಯನ್ನು ಕೋಣೆಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದರು.

ಗಂಡ ಹಾಸಿಗೆ ಹಿಡಿದ ವರ್ಷವೇ ಟೈಲರಮ್ಮ ದುಡಿಯುತ್ತಿದ್ದ ಉಡುಪಿನ ಕಾರ್ಖಾನೆಯೂ ಬಾಗಿಲು ಹಾಕಿತು. ಆಗ ಸಿಕ್ಕಿದ್ದು ಈ ಕೆಲಸ. ಕಿತ್ತ ಜಿಪ್ಪು, ಹರಿದ ತೊಡೆಸಂದು, ಎದೆಗೆ ಹೊಲಿಯುವ ನಂಬರು ಎಂದು ದಿನಕ್ಕೆ ಇಪ್ಪತ್ತು ಮೂವತ್ತು ಬಟ್ಟೆ ಕೈ ದಾಟುತ್ತವೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ಪದಕದ ಫೋಟೊಗಳಲ್ಲಿ ಅವರ ಹೊಲಿಗೆ ಇರುತ್ತದೆ, ಅವರು ಇರುವುದಿಲ್ಲ. "ಫೋಟೊಗೆ ನಿಲ್ಲೋಕೆ ಕತ್ತು ನೆಟ್ಟಗಿರ್ಬೇಕಲ್ಲ" ಎಂದು ನಗುತ್ತಾರೆ.

ಗಾಳಿಪಟದ ಮಾತು ಬಂದರೆ ಮಾತ್ರ ಆ ನಗು ನಿಲ್ಲುತ್ತದೆ. ದೂರದ ಓಟದ ಆ ಹುಡುಗಿಗೆ ಗಾಳಿಪಟ ಎಂದು ಹೆಸರಿಟ್ಟವರು ಟೈಲರಮ್ಮನೇ. ತೂಕ ಇಳಿದಷ್ಟೂ ವೇಗ ಏರುತ್ತದೆಂದು ಯಾರೋ ಅವಳ ತಲೆಗೆ ತುಂಬಿದ್ದರು. ಮೊದಮೊದಲು ಏರಿದ್ದೂ ಹೌದು. ಚಡ್ಡಿಯ ಸೊಂಟ ಸಣ್ಣದು ಮಾಡಿಸಲು ಮತ್ತೆ ಮತ್ತೆ ಬರುತ್ತಿದ್ದಳು.

"ನಾನೇನ್ ಮಾಡ್ದೆ? ಉಳಿದವರನ್ನೆಲ್ಲ ಕರೆದು ತೋರಿಸ್ದೆ. ನೋಡ್ರೇ, ಮೈ ಅಂದ್ರೆ ಹೀಗಿರ್ಬೇಕು ಅಂದೆ. ಅವತ್ತು ಇಬ್ಬರು ಊಟಕ್ಕೇ ಹೋಗ್ಲಿಲ್ವಂತೆ."

ಸೆಕೆಯಲ್ಲೂ ಗಾಳಿಪಟ ಸ್ವೆಟರ್ ತೊಟ್ಟು ಬರುತ್ತಿದ್ದಳು. ಅವಳು ಎದ್ದುಹೋದ ಮೇಲೆ ಮೇಜಿನ ಮೇಲೆ ಉದುರಿದ ಕೂದಲು. ಒಂದು ದಿನ, ಮುಟ್ಟಾಗುವುದು ನಿಂತು ತುಂಬ ದಿನವಾಯಿತೆಂದು ಮೆಲ್ಲಗೆ ಹೇಳಿದಳು. "ಓಡೋರಿಗೆ ಅದೇ ಒಳ್ಳೇದು ಬಿಡು, ಪೀಡೆ ಕಳೀತು" ಎಂದು ಟೈಲರಮ್ಮ ನಕ್ಕುಬಿಟ್ಟರು.

ಕೆಲವೇ ವಾರಗಳಲ್ಲಿ, ಅಭ್ಯಾಸದ ನಡುವೆ, ಎಡವದೆ, ಯಾರಿಗೂ ತಾಗದೆ, ಹುಡುಗಿ ಕುಸಿದು ಬಿದ್ದಳು. ತೊಡೆಯ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ಜೊತೆಯಲ್ಲಿ ಹೋದವರು ಟೈಲರಮ್ಮ. ಅಷ್ಟರಲ್ಲಿ ಊರಿನಿಂದ ತಾಯಿಯೂ ಓಡಿಬಂದರು. ಹುಡುಗಿಯನ್ನು ಸ್ಕ್ಯಾನಿಗೆ ಕರೆದೊಯ್ದಿದ್ದಾಗ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು: ಓಟಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳದಿದ್ದರೆ ದೇಹ ಒಂದೊಂದೇ ಕೆಲಸ ಕೈಬಿಡುತ್ತದೆ. ಮುಟ್ಟು ನಿಲ್ಲುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಮುಟ್ಟು ನಿಂತಾಗಲೇ ಕರೆತಂದಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಯಾವಾಗಿನಿಂದ ನಿಂತಿದೆ?

ತಾಯಿಗೆ ಗೊತ್ತಿರಲಿಲ್ಲ. "ಗೊತ್ತಿದ್ದೋಳು ನಾನು. ನೆಲ ನೋಡ್ಕೊಂಡ್ ಕೂತಿದ್ದೆ" ಎನ್ನುತ್ತಾರೆ ಟೈಲರಮ್ಮ.

ಆಮೇಲೆ ಹೊರಗಿನ ಬೆಂಚಿನಲ್ಲಿ ತಾಯಿಗೆ ಎಲ್ಲ ಹೇಳಿದರು, ತಾವು ನಕ್ಕಿದ್ದನ್ನೂ ಸೇರಿಸಿ. ತಾಯಿ ಎದ್ದು, ದೂರದ ಇನ್ನೊಂದು ಬೆಂಚಿನಲ್ಲಿ ಹೋಗಿ ಕೂತರು. "ಬೈದಿದ್ರೆ ಎಷ್ಟೋ ವಾಸಿ ಇತ್ತು. ಈಗಲೂ ಆ ಬೆಂಚು ನೆನಪಾದ್ರೆ ಮುಖ ಎಲ್ಲಿ ಇಟ್ಕೋಬೇಕೋ ಗೊತ್ತಾಗಲ್ಲ."

ತಿಂಗಳುಗಟ್ಟಲೆ ಚಿಕಿತ್ಸೆ, ಹೊತ್ತುಹೊತ್ತಿಗೆ ಊಟ. ಹಾಸ್ಟೆಲಿಗೆ ಮರಳುವಾಗ ಗಾಳಿಪಟದ ಮೈ ತುಂಬಿಕೊಂಡಿತ್ತು. ಹಳೆಯ ಚಡ್ಡಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಾಗಿಲಲ್ಲೇ ನಿಂತಳು.

"ಅಕ್ಕ, ಬಿಗಿ ಆಗ್ತಿದೆ" ಎಂದಳು, ತಲೆ ಎತ್ತದೆ.

"ನಾಚಿಕೆ ಪಡ್ಬೇಕಾದೋಳು ನಾನು ಕಣೇ. ಕೊಡು ಇಲ್ಲಿ."

ಹಿಂದೆ ಸೊಂಟಕ್ಕೆ ಹಾಕಿದ್ದ ಹೊಲಿಗೆಗಳನ್ನೆಲ್ಲ ಟೈಲರಮ್ಮ ಅವಳೆದುರೇ ಬಿಚ್ಚಿದರು. ಸೂಜಿಯ ತೂತುಗಳು ಬಟ್ಟೆಯ ಮೇಲೆ ಹಾಗೇ ಉಳಿದವು.

ಈಗ ಯಾರಾದರೂ ಸೊಂಟ ಸಣ್ಣದು ಮಾಡಿಕೊಡಿ ಎಂದು ಬಂದರೆ ಕತ್ತರಿ ಕೆಳಗಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸುತ್ತಾರೆ. ಅನುಮಾನ ಬಂದರೆ ಡಾಕ್ಟರ ಬಳಿಗೆ ತಾವೇ ಕರೆದೊಯ್ಯುತ್ತಾರೆ. ಟೈಲರಮ್ಮ ಡಾಕ್ಟರಮ್ಮ ಆಗಿಬಿಟ್ಟರು ಎಂದು ಕೋಚ್ ಕಿಚಾಯಿಸುತ್ತಾರೆ. ಟೈಲರಮ್ಮನಿಗೆ ನಗು ಬರುವುದಿಲ್ಲ. "ನಂಗೇನ್ ಗೊತ್ತು, ಮಣ್ಣು. ಗೊತ್ತಿಲ್ದೇ ಆಡಿದ ಮಾತಿಂದಾನೇ ಅಲ್ವಾ ಇಷ್ಟೆಲ್ಲ ಆಗಿದ್ದು" ಎನ್ನುತ್ತಾರೆ.

ಕಳೆದ ತಿಂಗಳು ಗಾಳಿಪಟ ಮತ್ತೆ ಸ್ಪರ್ಧೆಗೆ ಇಳಿದಳು. ಗ್ಯಾಲರಿಯಲ್ಲಿ ತಾಯಿ ಬಂದು ಕೂತಿದ್ದರು. ಟೈಲರಮ್ಮನಿಗೆ ಮೆಟ್ಟಿಲು ಹತ್ತುವ ಧೈರ್ಯವಾಗಲಿಲ್ಲ. ತಮ್ಮ ಕೋಣೆಯಲ್ಲೇ ಕೂತು, ತಲೆಯ ಮೇಲೆ ಜನ ಕಾಲು ಬಡಿಯುವುದನ್ನು ಕೇಳಿಸಿಕೊಂಡರು. ಓಟ ಮುಗಿದ ಮೇಲೆ ಹುಡುಗಿ ಬೆವರಿಳಿಸುತ್ತಾ ಅಲ್ಲಿಗೇ ಬಂದಳು. ನಾಲ್ಕನೇ ಸ್ಥಾನ. ಅದನ್ನು ಆಮೇಲೆ ಹೇಳಿದಳು. ಮೊದಲು ಕೇಳಿದ್ದು, "ಅಕ್ಕ, ಹಸಿವಾಗ್ತಿದೆ, ಏನಾದ್ರೂ ಇದೆಯಾ?"

ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ ಟೈಲರಮ್ಮ ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಾರೆ.

"ಇನ್ನೊಂದ್ ಸಲ ಅವಳು ಓಡುವಾಗ ಮೇಲೆ ಹೋಗಿ ನೋಡ್ಬೇಕು. ಅವಳ ತಾಯಿ ಪಕ್ಕದಲ್ಲಿ ಕೂತ್ಕೊಂಡು. ಅವರು ಸ್ವಲ್ಪ ಸರಿದು ಜಾಗ ಕೊಟ್ರೆ."